ಮರುವಾಯಿ ಯಂತ್ರದ ಆಯುಧಪೂಜೆ

ಗುಟ್ಟು ಕಾಯುವುದು ಕಷ್ಟವಲ್ಲ. ತಾನೊಂದು ಗುಟ್ಟು ಕಾಯುತ್ತಿದ್ದೇನೆ ಎಂಬುದನ್ನು ಯಾರಿಗೂ ಹೇಳದೆ ಇರುವುದು ಕಷ್ಟ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಪ್ರಶ್ನೆಪತ್ರಿಕೆಗಳನ್ನು ಎಣಿಸಿ, ಲಕೋಟೆಗೆ ತುಂಬಿ, ಅರಗಿನ ಮುದ್ರೆ ಒತ್ತಿದವನು ನಾನು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಪ್ರಶ್ನೆ ನನ್ನ ಬಾಯಿಂದ ಹೊರಬಿದ್ದದ್ದಿಲ್ಲ. ಮಗಳು ಬಿ.ಕಾಂ. ಪರೀಕ್ಷೆಗೆ ಕೂತ ವರ್ಷವಂತೂ ಅವಳ ಪುಸ್ತಕ ಮೇಜಿನ ಮೇಲೆ ಬಿಡಿಸಿಟ್ಟಿದ್ದರೆ ನಾನು ಅತ್ತ ತಿರುಗುತ್ತಲೂ ಇರಲಿಲ್ಲ. ಯಾವ ಪುಟ ಕಂಡಾಗ ಅಪ್ಪನ ಮುಖ ಹೇಗಾಯಿತೆಂದು ಅವಳು ಗಮನಿಸಿಬಿಟ್ಟರೆ ಎಂಬ ಭಯ. ನಾನು ಇಂಥ ಕಟ್ಟುನಿಟ್ಟಿನ ಮನುಷ್ಯನೆಂಬುದು ಮಂಗಳೂರಿನ ಶಕ್ತಿನಗರದ ನಮ್ಮ ಬೀದಿಯಲ್ಲಿ ಹಾಲು ಹಾಕುವವನಿಗೂ ಗೊತ್ತಿತ್ತು. ಅವನಿಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಬಹುದು. ನಾನೇ ಹೇಳಿದ್ದು.

ಮೂರು ವರ್ಷದ ಹಿಂದೆ ನಮ್ಮಲ್ಲಿ ತಂತ್ರಜ್ಞಾನ ವರ್ಗಾವಣೆ ವಿಭಾಗ ಎಂಬುದೊಂದು ಹೊಸದಾಗಿ ಸುರುವಾದಾಗ, ಅಲ್ಲಿಗೆ ಬಾಯಿ ಭದ್ರವಿರುವ ಒಬ್ಬ ಸೂಪರಿಂಟೆಂಡೆಂಟ್ ಬೇಕೆಂದು ಹುಡುಕಿ ನನ್ನನ್ನು ಹಾಕಿದರು. ಬಾಗಿಲ ಮೇಲಿನ ಬೋರ್ಡು ನೋಡಿ ನೆಂಟರಲ್ಲಿ ಇಬ್ಬರು, ಸುಳ್ಯದ ಶಾಲೆಯಲ್ಲಿರುವ ಸೊಸೆಯನ್ನು ಮಂಗಳೂರಿಗೆ ಹಾಕಿಸಿಕೊಡಲು ಆಗುತ್ತದೆಯೇ ಎಂದು ವಿಚಾರಿಸಿಕೊಂಡು ಬಂದರು. ಅವರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ, ನಿಜವಾಗಿ ಇಲ್ಲಿ ಎಂತ ಕೆಲಸ ಎಂಬ ಪ್ರಶ್ನೆ ನನಗೂ ಬಂತು. ಡೈರೆಕ್ಟರರು, ಅಂದರೆ ಭೌತಶಾಸ್ತ್ರದ ಒಬ್ಬ ಹಿರಿಯ ಪ್ರೊಫೆಸರರು, ಸಮಾಧಾನದಿಂದ ತಿಳಿಸಿಕೊಟ್ಟರು. ನಮ್ಮ ಲ್ಯಾಬುಗಳಲ್ಲಿ ಮೇಷ್ಟ್ರುಗಳು ಏನಾದರೊಂದು ಹೊಸದು ಕಂಡುಹಿಡಿಯುತ್ತಲೇ ಇರುತ್ತಾರೆ. ಹಿಂದೆಲ್ಲ ಅದನ್ನು ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅಚ್ಚಾದ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಯಾವುದೋ ಊರಿನ ಕಂಪನಿ ಅದನ್ನು ಓದಿ, ಮಾಡಿ, ಮಾರಿ, ನಮಗೇ ಕಳಿಸಿಕೊಡುತ್ತಿತ್ತು. ಇನ್ನು ಹಾಗಾಗಬಾರದು. ಕಂಡುಹಿಡಿದದ್ದಕ್ಕೆ ಮೊದಲು ಪೇಟೆಂಟ್ ಅರ್ಜಿ ಹಾಕಬೇಕು, ಆಮೇಲೆ ಅದನ್ನು ಮಾಡಿ ಮಾರುವ ತಾಕತ್ತಿರುವ ಒಬ್ಬರಿಗೆ ಲೈಸೆನ್ಸ್ ಕೊಡಬೇಕು, ಬಂದದ್ದರಲ್ಲಿ ಕಂಡುಹಿಡಿದವರಿಗೆ ಒಂದು ಪಾಲು, ವಿಶ್ವವಿದ್ಯಾನಿಲಯಕ್ಕೆ ಒಂದು ಪಾಲು. ಲ್ಯಾಬಿನಿಂದ ಪೇಟೆಗೆ ಹೋಗುವ ಈ ದಾರಿಗೇ ವರ್ಗಾವಣೆ ಎಂದು ಹೆಸರು.

ನಾನು ಮೊದಲ ವಾರವೇ ಸ್ಟೋರಿನಿಂದ ಎರಡು ಪೆಟ್ಟಿಗೆ ಅರಗು ತರಿಸಿಕೊಂಡೆ. ಪೇಟೆಂಟ್ ಎಂದರೆ ಪ್ರಶ್ನೆಪತ್ರಿಕೆಯ ಹಾಗೆಯೇ ಮುಚ್ಚಿ ಮುದ್ರೆ ಒತ್ತಿ ಇಡುವಂಥದ್ದು ಎಂದುಕೊಂಡಿದ್ದೆ. ನಮ್ಮ ಅರ್ಜಿಗಳನ್ನು ಬರೆದುಕೊಡುವ ಪೇಟೆಂಟ್ ಏಜೆಂಟ್ ಕಾಮತರು ಆ ಅರಗಿನ ಪೆಟ್ಟಿಗೆ ನೋಡಿ ಬಹಳ ಹೊತ್ತು ನಕ್ಕರು. ಅವರು ಹೇಳಿದ್ದನ್ನು ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಸೋಜಿಗವಾಯಿತು. ಪೇಟೆಂಟ್ ಎಂದರೆ ಗುಟ್ಟು ಬಚ್ಚಿಡುವುದಲ್ಲವಂತೆ, ಗುಟ್ಟು ಬಿಟ್ಟುಕೊಡುವುದಂತೆ. ಇದನ್ನು ಹೀಗೆ ಹೀಗೆ ಮಾಡಬೇಕು ಎಂದು ಒಂದು ತಿರುಪಿನ ಮೊಳೆಯನ್ನೂ ಬಿಡದೆ ಸರ್ಕಾರಕ್ಕೆ ಬರೆದು ಕೊಡಬೇಕು. ಹದಿನೆಂಟು ತಿಂಗಳಾದ ಮೇಲೆ ಸರ್ಕಾರ ಅದನ್ನು ಊರಿಗೆಲ್ಲ ಕಾಣುವ ಹಾಗೆ ಪ್ರಕಟಿಸುತ್ತದೆ. ಪರಿಶೀಲಿಸಿ ಒಪ್ಪಿಗೆಯಾದರೆ, ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ ನಿಮ್ಮನ್ನು ಕೇಳದೆ ಬೇರೆ ಯಾರೂ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಇಪ್ಪತ್ತು ವರ್ಷದ ಮೇಲೆ ಅದು ಎಲ್ಲರದು. ಒಂದೇ ಒಂದು ಕರಾರು: ಅರ್ಜಿ ಹಾಕುವ ದಿನದವರೆಗೆ ಅದು ಹೊಸದಾಗಿಯೇ ಇರಬೇಕು, ಅಂದರೆ ಹೊರಗೆ ಯಾರಿಗೂ ಗೊತ್ತಾಗಿರಬಾರದು. ಕೆಲವು ವಿನಾಯಿತಿಗಳು ಇದ್ದಾವಂತೆ, ಆದರೆ ಅವನ್ನು ನಂಬಿ ಬಾಯಿ ಬಿಡಬೇಡಿ ಎಂದರು ಕಾಮತರು. ಗುಟ್ಟನ್ನು ಹೇಳಲಿಕ್ಕಾಗಿಯೇ ಕಾಯುವುದು! ಇಪ್ಪತ್ತೆರಡು ವರ್ಷದಲ್ಲಿ ನನಗೆ ಈ ಕೋನ ಹೊಳೆದಿರಲಿಲ್ಲ.

ಮನೆಗೆ ಬಂದು ಇದನ್ನು ಹೆಂಡತಿ ಸುಮತಿಗೆ ವಿವರಿಸಿದೆ. ಆಫೀಸಿನ ಗುಟ್ಟನ್ನಲ್ಲ, ಕಾನೂನನ್ನು ಮಾತ್ರ. ನಮ್ಮ ಅಮ್ಮ ಮಾವಿನ ಮಿಡಿ ಹಾಕುವಾಗ ಉಪ್ಪುನೀರಿಗೆ ಏನೋ ಒಂದು ಸೊಪ್ಪು ಹಾಕುತ್ತಿದ್ದರು. ಎರಡು ವರ್ಷವಾದರೂ ಮಿಡಿ ಮೆತ್ತಗಾಗುತ್ತಿರಲಿಲ್ಲ. ಯಾವ ಸೊಪ್ಪು ಎಂದು ಯಾರಿಗೂ ಹೇಳದೆಯೇ ಅಮ್ಮ ಹೋದರು. ನಮ್ಮ ಮನೆಯ ಮಿಡಿ ಈಗ ನಾಲ್ಕು ತಿಂಗಳಿಗೇ ಕೊಳೆಯುತ್ತದೆ. ಅಮ್ಮನದು ವ್ಯಾಪಾರದ ಗುಟ್ಟು ಎಂಬ ಜಾತಿ, ಹೇಳದಿರುವಷ್ಟು ದಿನ ಬಾಳುತ್ತದೆ, ಹೇಳುವವರು ಹೋದರೆ ಅದೂ ಹೋಗುತ್ತದೆ ಎಂದೆ. ಪೇಟೆಂಟ್ ಹಾಗಲ್ಲ. ಇನ್ನು ಹೋಟೆಲಿನ ಹೆಸರು, ಬೋರ್ಡಿನ ಚಿತ್ರ ಇವುಗಳಿಗೆ ಟ್ರೇಡ್‌ಮಾರ್ಕ್. ಬರೆದ ಕಥೆ, ಹಾಡಿಗೆ ಕಾಪಿರೈಟ್, ಅದು ಬರೆದ ಕ್ಷಣವೇ ತಾನಾಗಿ ಬರುತ್ತದೆ. ಮಟ್ಟುಗುಳ್ಳ ಬದನೆ ಇದೆಯಲ್ಲ, ಅದರ ಹಕ್ಕು ಒಬ್ಬರದಲ್ಲ, ಬೆಳೆಯುವ ಊರಿನದು. ಹೀಗೆ ಮುಕ್ಕಾಲು ಗಂಟೆ ಹೇಳಿದೆ. ಸುಮತಿ ಬೀನ್ಸ್ ಹೆಚ್ಚಿ ಮುಗಿಸಿದಳು. ಆಮೇಲೆ, “ಹಾಗಾದ್ರೆ ಅತ್ತೆಯವರು ಹಾಕ್ತಿದ್ದದ್ದು ಯಾವ ಸೊಪ್ಪು?” ಎಂದು ಕೇಳಿದಳು. ಅವಳ ಗಮನ ಯಾವಾಗಲೂ ಬೇಡದ ಕಡೆಗೇ ಹೋಗುತ್ತದೆ ಎಂದು ಆಗ ನನಗೆ ಅನಿಸಿತು.

ಈಗ ಮರುವಾಯಿಗೆ ಬರುತ್ತೇನೆ. ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪಿನ ಜೀವಿಗೆ ನಮ್ಮ ಕಡೆ ಮರುವಾಯಿ ಎನ್ನುತ್ತಾರೆ. ತಿನ್ನುವವರಿಗೆ ಅದರಷ್ಟು ರುಚಿ ಬೇರೆ ಇಲ್ಲವಂತೆ. ‘ಅಂತೆ’ ಎನ್ನಲೇಬೇಕು, ನನ್ನ ತಂದೆ ಕುದ್ರೋಳಿ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು, ನಾನು ಮರುವಾಯಿಯನ್ನು ದೂರದಿಂದ, ಅದೂ ಮುಚ್ಚಿದ ಸ್ಥಿತಿಯಲ್ಲಿ ಮಾತ್ರ ನೋಡಿದವನು. ಅದನ್ನು ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ, ಮುಂದೆ ಕೂತು ಒಂದೊಂದಾಗಿ ಬಿಡಿಸಬೇಕು. ಒಂದು ಅರೆಯಲ್ಲಿ ಮಾಂಸ ಉಳಿಯಬೇಕು, ಇನ್ನೊಂದು ಅರೆ ಎಸೆಯಬೇಕು. ನಮ್ಮ ಮೆಕ್ಯಾನಿಕಲ್ ವಿಭಾಗದ ಶಶಿಕಲಾ ಮೇಡಂ ನಾಲ್ಕು ವರ್ಷ ಕೂತು ಈ ಕೆಲಸಕ್ಕೊಂದು ಯಂತ್ರ ಮಾಡಿದ್ದರು. ಗದ್ದೆ, ಗೇಣಿ, ಆಳುಗಳು ಎಲ್ಲ ಇದ್ದ ಮನೆತನದವರು ಅವರು. ಇಂಥದ್ದಕ್ಕೆ ಯಾಕೆ ಕೈ ಹಾಕಿದಿರಿ ಎಂದು ನಾನು ಒಮ್ಮೆ ಕೇಳಿದ್ದೆ. “ಮನೆಯಲ್ಲಿ ಎಷ್ಟು ಜನ ಇದ್ರೂ ಮರುವಾಯಿ ಬಿಡಿಸುವುದು ನನ್ನ ದೊಡ್ಡಮ್ಮನೇ ಭಟ್ರೆ,” ಎಂದರು. “ಅವರ ಹೆಬ್ಬೆರಳಲ್ಲಿ ಕೊಯ್ದ ಗೀರು ಇಲ್ಲದ ಜಾಗವೇ ಇರ್ಲಿಲ್ಲ. ಆಧಾರ್ ಮಾಡಿಸ್ಲಿಕ್ಕೆ ಹೋದಾಗ ಆ ಬೆರಳಿನ ಗುರುತು ಮಿಷನ್ ತೆಗೊಳ್ಳಲಿಲ್ಲ. ಆ ದಿನ ಸುರು ಮಾಡಿದ್ದು ಇದು.” ಅಂದಿನಿಂದ ಆ ಯಂತ್ರದ ಮೇಲೆ ನನಗೂ ಒಂದು ಮಮತೆ ಹುಟ್ಟಿತು.

ಅದರ ಒಳಗುಟ್ಟು ಇಷ್ಟೇ. ಪ್ರತಿ ಮರುವಾಯಿಯ ಗಾತ್ರವನ್ನು ಒಂದು ರಬ್ಬರಿನ ಮೆತ್ತೆ ತಾನೇ ಅಳೆದುಕೊಂಡು ಹಿಡಿಯುತ್ತದೆ. ಎರಡು ಚಿಪ್ಪು ಕೂಡುವ ಸಂದಿನಲ್ಲಿ ಒಂದು ತೆಳ್ಳಗಿನ ಸ್ಟೀಲಿನ ನಾಲಿಗೆ ಓರೆಯಾಗಿ ನುಗ್ಗಿ ಅರ್ಧ ಸುತ್ತು ತಿರುಗುತ್ತದೆ. ಎಷ್ಟು ಓರೆ ಎಂಬುದೇ ನಾಲ್ಕು ವರ್ಷದ ಕೆಲಸ. ಅರ್ಜಿ ಪ್ರಕಟವಾಗಿ ಆಗಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಆಗ ಮಾತ್ರ ನಾನು ಆ ಲ್ಯಾಬಿಗೆ ಎರಡು ಬೀಗ ಹಾಕಿಸಿದ್ದೆ. ಬಾಗಿಲಿಗೆ ‘ಗೋಪ್ಯ, ಒಳಗೆ ಪ್ರವೇಶವಿಲ್ಲ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದೆ. ಬಿಡಿಭಾಗ ಮಾಡಿಕೊಟ್ಟ ವರ್ಕ್‌ಶಾಪಿನವರಿಂದ ಬಾಯಿ ಬಿಡುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿಸಿದ್ದೆ. ಬಂದರಿನಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವ ಹಮೀದ್ ಹಾಜಿಯವರು ಯಂತ್ರಕ್ಕೆ ಲೈಸೆನ್ಸ್ ತೆಗೆದುಕೊಳ್ಳಲು ತಯಾರಿದ್ದರು. ಅವರಿಗೂ ಸಹಿ ಇಲ್ಲದೆ ಕಿಟಕಿಯಿಂದ ಇಣುಕಲು ನಾನು ಬಿಡಲಿಲ್ಲ. ಅರ್ಜಿಯ ಕಾಗದವೆಲ್ಲ ಸಿದ್ಧವಾಗಿ ಕಾಮತರು ಗುಂಡಿ ಒತ್ತುವುದೊಂದೇ ಬಾಕಿ ಇತ್ತು.

ಆದರೆ ಅದು ಪಿತೃಪಕ್ಷ. ಹೊಸ ಕೆಲಸ ಸುರು ಮಾಡುವ ಕಾಲವಲ್ಲ. ಅರ್ಚಕರ ಮಗನಾಗಿ ನಾನು ಇಷ್ಟನ್ನಾದರೂ ಹೇಳದಿದ್ದರೆ ಹೇಗೆ? ಇನ್ನೇನು ನವರಾತ್ರಿ ಬಂತು, ವಿಜಯದಶಮಿಯಂದು ಅರ್ಜಿ ಹಾಕೋಣ, ಅದಕ್ಕಿಂತ ಒಳ್ಳೆಯ ದಿನ ಇಲ್ಲ ಎಂದೆ. ದಿನ ಮುಂದೂಡುವುದು ಒಳ್ಳೆಯದಲ್ಲ ಎಂದು ಕಾಮತರು ಹೇಳಿದರು. ಶಶಿಕಲಾ ಮೇಡಂ ಸ್ವಲ್ಪ ಅನುಮಾನಿಸಿದರು. ಗುಟ್ಟಿನ ಜವಾಬ್ದಾರಿ ನನ್ನದು, ಇನ್ನು ಇಪ್ಪತ್ತು ದಿನ ಕಾಯಲು ನನಗೆ ಯಾವ ಕಷ್ಟವೂ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದೆ. ಇಪ್ಪತ್ತೆರಡು ವರ್ಷದ ಸೇವೆಯನ್ನು ನೆನಪಿಸಿದೆ. ಅವರು ನನ್ನ ಮಾತು ಕೇಳಿದರು. ಕೇಳಬಾರದಿತ್ತು.

ನಮ್ಮ ವರ್ಕ್‌ಶಾಪಿನಲ್ಲಿ ಪ್ರತಿ ವರ್ಷ ಆಯುಧಪೂಜೆ ಜೋರಾಗಿ ನಡೆಯುತ್ತದೆ. ಲೇತು, ಡ್ರಿಲ್ಲು, ಜನರೇಟರು, ಎರಡು ಬಸ್ಸು, ಒಂದು ಜೀಪು ಎಲ್ಲಕ್ಕೂ ಮಾಲೆ ಬೀಳುತ್ತದೆ. ಬೇರೆ ವಿಭಾಗದವರು, ಕ್ಯಾಂಟೀನಿನವರು, ಸಾಮಾನು ತಂದುಕೊಡುವ ಅಂಗಡಿಯವರು ಎಲ್ಲ ಪಂಚಕಜ್ಜಾಯದ ಪ್ರಸಾದಕ್ಕೆ ಸೇರುತ್ತಾರೆ. ಆ ವರ್ಷ ಬರಬೇಕಾಗಿದ್ದ ಪುರೋಹಿತರಿಗೆ ಬೇರೆ ಆರು ಕಡೆ ಪೂಜೆ ಇತ್ತು, ಮಧ್ಯಾಹ್ನವಾದರೂ ಬರಲಿಲ್ಲ. ಭಟ್ರೇ ಮಾಡಲಿ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಶಾಲು ಸೊಂಟಕ್ಕೆ ಕಟ್ಟಿದೆ. ಬಹಳ ವರ್ಷದ ಮೇಲೆ ಕೈಗೆ ಘಂಟಾಮಣಿ ಬಂದಿತ್ತು, ಸುತ್ತ ಜನ ಇದ್ದರು, ಎಲ್ಲರೂ ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು. ಪರೀಕ್ಷಾ ವಿಭಾಗದಲ್ಲಿ ಈ ಸುಖ ಇರಲಿಲ್ಲ. ಹಳೆಯ ಲೇತಿಗೆ ಆರತಿ ಎತ್ತುವಾಗ ಒಂದು ಯೋಚನೆ ಬಂತು: ಇಷ್ಟೆಲ್ಲ ತುಕ್ಕು ಹಿಡಿದ ಯಂತ್ರಗಳಿಗೆ ಪೂಜೆಯಾಗುತ್ತಿದೆ, ನಾಳೆ ದಶಮಿಗೆ ಅರ್ಜಿ ಹಾಕುವ ಹೊಸ ಯಂತ್ರ ಮಾತ್ರ ಬೀಗದ ಒಳಗೆ ಕೂತಿದೆ. ದೇವಿಯಿಂದಲೂ ಗೋಪ್ಯವೇ? ಎರಡು ಬೀಗವನ್ನೂ ನಾನೇ ತೆಗೆದೆ. ನಾಲ್ಕು ಜನ ಹಿಡಿದು ಯಂತ್ರವನ್ನು ಹೊರಗೆ ತಂದರು. ಶಶಿಕಲಾ ಮೇಡಂ ಆ ದಿನ ರಜೆಯಲ್ಲಿದ್ದರು.

ಸಂಕಲ್ಪ ಎಂದರೆ ಗೊತ್ತಲ್ಲ, ಪೂಜೆಗೆ ಮೊದಲು ಯಾವ ಊರು, ಯಾವ ದಿನ, ಯಾರು, ಯಾವ ಉದ್ದೇಶಕ್ಕೆ ಎಂದು ಬಿಡಿಸಿ ಹೇಳಬೇಕು. ದೇವರಿಗೆ ಅರ್ಧಂಬರ್ಧ ಹೇಳುವ ಕ್ರಮ ಇಲ್ಲ. ಸಂಸ್ಕೃತದಲ್ಲಿ ಮರುವಾಯಿಗೆ ಏನೆನ್ನುತ್ತಾರೆಂದು ನನಗೆ ತಿಳಿಯದೆ ಅಷ್ಟನ್ನು ಕನ್ನಡದಲ್ಲೇ ಹೇಳಿದೆ. ಅದರಿಂದಲೂ ಹೆಚ್ಚು ಹಾನಿಯಾಗುತ್ತಿರಲಿಲ್ಲ. ಪಂಚಕಜ್ಜಾಯ ಹಂಚುವಾಗ ಯಾರೋ ಒಬ್ಬರು, ಭಟ್ರೆ ಇದು ಎಂತ ಮಿಷನ್, ಹೇಗೆ ಕೆಲಸ ಮಾಡುವುದು ಎಂದು ಕೇಳಿದರು. ನಾನು ತಟ್ಟೆ ಕೆಳಗಿಟ್ಟೆ. ಹದಿನೈದು ನಿಮಿಷ ಹೇಳಿದೆನಂತೆ. ನನಗೆ ಐದು ನಿಮಿಷವಾದ ಹಾಗೆ ನೆನಪು.

ದಶಮಿಯ ಬೆಳಿಗ್ಗೆ ಕಾಮತರ ಆಫೀಸಿನಲ್ಲಿ ಡೈರೆಕ್ಟರರು, ಶಶಿಕಲಾ ಮೇಡಂ ಮತ್ತು ನಾನು ಕೂತಿದ್ದೆವು. ನಾನು ತೆಂಗಿನಕಾಯಿ ತಂದಿದ್ದೆ. ಗುಂಡಿ ಒತ್ತುವ ಮೊದಲು ಕಾಮತರು, ಎಲ್ಲ ಅರ್ಜಿಗೂ ಕೇಳುವ ಹಾಗೆ, ಇದನ್ನು ಹೊರಗಿನವರಿಗೆ ತೋರಿಸಿದ್ದು, ಹೇಳಿದ್ದು, ಎಲ್ಲಾದರೂ ಅಚ್ಚಾದದ್ದು ಉಂಟಾ ಎಂದು ಕೇಳಿದರು. ಇಲ್ಲ ಎಂದರು ಮೇಡಂ. ಇಲ್ಲ ಎಂದರು ಡೈರೆಕ್ಟರರು. ನನಗೆ ಆ ಕ್ಷಣ ಕಿವಿಯಲ್ಲಿ ಘಂಟಾಮಣಿ ಕೇಳಿಸಿತು. ಸುಮ್ಮನಿದ್ದುಬಿಡಬಹುದಿತ್ತು, ಆದರೆ ಪಕ್ಕದಲ್ಲಿ ಕೂತ ಹೆಂಗಸಿನ ನಾಲ್ಕು ವರ್ಷ ಅದು. ಪೂಜೆಯ ಕಥೆ ಪೂರ್ತಿ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಶಶಿಕಲಾ ಮೇಡಂ ನನ್ನ ಕೈಯಲ್ಲಿದ್ದ ತೆಂಗಿನಕಾಯಿಯನ್ನೇ ನೋಡುತ್ತ ಕೂತರು.

ಕಾಮತರು ಅರ್ಜಿಯನ್ನು ಅಲ್ಲೇ ಆಗಲೇ ಸಲ್ಲಿಸಿಬಿಟ್ಟರು. ಇನ್ನು ಒಂದು ಗಂಟೆ ತಡವಾದರೂ ಅಪಾಯ ಎಂದರು. ಆದರೆ ಸಲ್ಲಿಸಿದ ಮಾತ್ರಕ್ಕೆ ಆಗಲಿಲ್ಲ. ಹಾಜಿಯವರ ಲೈಸೆನ್ಸ್ ಕರಾರಿನಲ್ಲಿ, ಈ ಯಂತ್ರದ ವಿವರ ಅರ್ಜಿಯ ದಿನದ ಮೊದಲು ಹೊರಗೆ ಹೋಗಿಲ್ಲ ಎಂದು ಕಂಡುಹಿಡಿದವರು ಬರೆದುಕೊಡಬೇಕೆಂಬ ಒಂದು ಸಾಲು ಇತ್ತು. “ಸುಳ್ಳಿಗೆ ನಾನು ಸೈನ್ ಹಾಕುವುದಿಲ್ಲ,” ಎಂದರು ಮೇಡಂ, ಮೆಲ್ಲಗೆ. ಆ ಸಹಿ ಇಲ್ಲದಿದ್ದರೆ ಹಾಜಿಯವರು ಇಲ್ಲ, ಹಾಜಿಯವರು ಇಲ್ಲದಿದ್ದರೆ ಯಂತ್ರ ಲ್ಯಾಬಿನ ಮೂಲೆಯಲ್ಲೇ ಉಳಿಯುತ್ತದೆ, ಮೆಟ್ಟುಕತ್ತಿಯ ಮುಂದೆ ಕೂತವರು ಹಾಗೆಯೇ ಕೂತಿರುತ್ತಾರೆ. ನಾನು ಕಾಮತರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಒಂದು ಮಾತು ಹೇಳಿದರು. “ಅಲ್ಲೊಂದು ಮಿಷನ್ ಉಂಟು ಅಂತ ಜನರಿಗೆ ಗೊತ್ತಾದ್ರೆ ಅಂಥ ದೊಡ್ಡ ವಿಷಯ ಅಲ್ಲ ಭಟ್ರೆ. ನೀವು ಹೇಳಿದ್ದನ್ನು ಕೇಳಿ, ಆ ಕಸುಬು ಬಲ್ಲವನೊಬ್ಬ ಮನೆಗೆ ಹೋಗಿ ಅದನ್ನು ಮಾಡಬಹುದಾ, ಅದು ಪ್ರಶ್ನೆ. ಮಾಡಬಹುದಾದ್ರೆ ಮುಗೀತು.” ಹಾಗಾಗಿ ಅಲ್ಲಿದ್ದ ಹೊರಗಿನವರು ಯಾರು ಯಾರು, ಏನು ನೋಡಿದರು, ಏನು ತಿಳಿದುಕೊಂಡರು ಎಂದು ಒಬ್ಬೊಬ್ಬರಿಂದಲೂ ಬರೆಸಿಕೊಂಡು ಬರುವ ಕೆಲಸ ನನಗೇ ಬಿತ್ತು.

ಮೊದಲು ಫೋಟೋಗಳನ್ನು ನೋಡಿದೆವು. ಪೂಜೆಯ ಫೋಟೋ ಸ್ಟೇಟಸ್ಸಿಗೆ ಹಾಕದವರು ಯಾರಿದ್ದಾರೆ? ಕಾಮತರು ಒಂದೊಂದನ್ನೂ ದೊಡ್ಡದು ಮಾಡಿ ಪರಿಶೀಲಿಸಿದರು. ದೇವಿಯ ಅಲಂಕಾರದಲ್ಲಿ ನಾನು ಕೈ ಬಿಗಿ ಹಿಡಿಯುವವನಲ್ಲ. ಅಂದು ಉಳಿದ ಗೊಂಡೆ ಹೂವಿನ ಮಾಲೆಯನ್ನೆಲ್ಲ ಆ ಹೊಸ ಯಂತ್ರದ ಮೇಲೇ ಸುರಿದಿದ್ದೆ. ಎಡಕ್ಕೊಂದು, ಬಲಕ್ಕೊಂದು ಬಾಳೆಗಿಡ, ಮುಂದೆ ಕುಂಕುಮ ಹಚ್ಚಿದ ಕುಂಬಳಕಾಯಿ. ಯಂತ್ರದಲ್ಲಿ ಕಾಣುತ್ತಿದ್ದದ್ದು ಒಂದು ಕಾಲು ಮಾತ್ರ, ಅದು ಯಾವ ಟೇಬಲ್ಲಿನ ಕಾಲೂ ಆಗಬಹುದಾಗಿತ್ತು. ನೋಡಿದ್ದರಿಂದ ಅಪಾಯವಿಲ್ಲ ಎಂದರು ಕಾಮತರು. ಇನ್ನು ಉಳಿದದ್ದು ನನ್ನ ಬಾಯಿ.

ಹೊರಗಿನವರು ಒಂಬತ್ತು ಮಂದಿ ಇದ್ದರು. ನಾನು ಕ್ಯಾಂಟೀನಿನವರಿಂದ ಸುರು ಮಾಡಿದೆ. ಅದು ತೆಂಗಿನಕಾಯಿ ಒಡೆಯುವ ಯಂತ್ರ ಎಂದು ಅವರು ತಿಳಿದಿದ್ದರು. ಒಂದು ನಮಗೂ ಸಿಗಬಹುದಾ ಎಂದು ಕೇಳಿದರು. ನೋಡಿ, ನಾನು ಅವರಿಗೆ ಚಿಪ್ಪು ಎಂದಿದ್ದೆ. ಅಂಚೆ ತರುವ ಹೆಂಗಸು ಅದು ಲಕೋಟೆ ಬಿಡಿಸುವ ಯಂತ್ರವೆಂದು ಬರೆದುಕೊಟ್ಟರು. ಅದೂ ಸರಿಯೇ, ಚಿಪ್ಪು ಹೇಗೆ ಬಿಡುತ್ತದೆಂದು ನಾನು ಕಣ್ಣಾರೆ ನೋಡಿದವನಲ್ಲವಲ್ಲ, ಗೊತ್ತಿರುವ ಉದಾಹರಣೆ ಕೊಡೋಣವೆಂದು ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಅರಗು ಒಡೆಯದೆ ಬಿಡಿಸಿದ ಹಾಗೆ ಎಂದಿದ್ದೆ. ಪೇಂಟಿನ ಅಂಗಡಿಯವರು ಚಿಪ್ಪು ಸುಟ್ಟು ಸುಣ್ಣ ಮಾಡುವ ಯಂತ್ರವೆಂದರು. ಒಬ್ಬರು, ಭಟ್ರು ಮಾತಾಡಿದ್ದು ನೆನಪುಂಟು, ವಿಷಯ ನೆನಪಿಲ್ಲ ಎಂದಷ್ಟೇ ಬರೆದರು. ಬಾಡಿಗೆ ಜೀಪಿನ ಚಾಲಕರು ಅದೊಂದು ಹೊಸ ನಮೂನೆಯ ಹರಕೆ ಇರಬೇಕೆಂದುಕೊಂಡಿದ್ದರು. ಒಂದೊಂದು ಕಾಗದ ಕೈಗೆ ಬಂದಾಗಲೂ ನನಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಎಂಟು ಜನರಲ್ಲಿ ಎಂಟೂ ಜನಕ್ಕೆ ಅರ್ಥವಾಗಿರಲಿಲ್ಲ. ಅಷ್ಟು ಚೆನ್ನಾಗಿ ಹೇಳಿದ್ದೆನಲ್ಲ ಎಂದು ಒಳಗೊಳಗೇ ಬೇಸರವೂ ಆಯಿತು.

ಒಂಬತ್ತನೆಯವರು ಡೆನ್ನಿಸ್. ಅವರ ಹೆಸರು ಕೇಳಿದ್ದೇ ಕಾಮತರು ಎದ್ದು ಕೂತರು. ಬಂದರಿನಲ್ಲಿ ಐಸ್ ಪ್ಲಾಂಟಿನ ಯಂತ್ರ, ಮೀನು ತೊಳೆಯುವ ಯಂತ್ರ ರಿಪೇರಿ ಮಾಡುವ ಸಣ್ಣ ಶೆಡ್ ಅವರದು. ಆ ದಿನ ಬೇರಿಂಗ್ ಕೊಡಲು ಬಂದವರು ಪೂಜೆಗೆ ನಿಂತಿದ್ದರು. ಇದು ಎಂತ ಮಿಷನ್ ಎಂದು ಕೇಳಿದವರೂ ಅವರೇ. ಆ ಕಸುಬು ಬಲ್ಲವನೊಬ್ಬ ಎಂದು ಕಾಮತರು ಹೇಳಿದ್ದರಲ್ಲ, ಇಡೀ ಮಂಗಳೂರಿನಲ್ಲಿ ಹುಡುಕಿದರೂ ಅವರಿಗಿಂತ ಬಲ್ಲವರು ಸಿಗಲಾರರು. ನಾನು ಶಶಿಕಲಾ ಮೇಡಮ್ಮನ್ನು ಕರೆದುಕೊಂಡು ಹೋದೆ. ಮೀನಿನ ಲಾರಿಗಳ ನಡುವೆ ನಡೆಯುವಾಗ ಮೂಗು ಮುಚ್ಚಿಕೊಳ್ಳುವ ಅಭ್ಯಾಸ ನನಗುಂಟು, ಅಂದು ಅದೂ ಮರೆತುಹೋಗಿತ್ತು.

ಡೆನ್ನಿಸ್ ನಮ್ಮನ್ನು ನೋಡಿ ಸಂತೋಷದಿಂದಲೇ ಎದ್ದು ಬಂದರು. ಕೈ ಒರೆಸಿಕೊಂಡು, “ಒಳ್ಳೇದಾಯ್ತು ಭಟ್ರೆ ನೀವು ಬಂದದ್ದು. ಆ ದಿನದಿಂದ ನನಗೆ ನಿಮ್ಮದೇ ಆಲೋಚನೆ,” ಎಂದರು. ಅವರು ಶೆಡ್ಡಿನ ಮೂಲೆಗೆ ಹೋಗಿ ಒಂದು ಗೋಣಿ ಸರಿಸಿದರು. ಅಲ್ಲಿ ಒಂದು ಯಂತ್ರ ಇತ್ತು. ಶಶಿಕಲಾ ಮೇಡಂ ಗೋಡೆ ಹಿಡಿದುಕೊಂಡರು. ಡೆನ್ನಿಸರಿಗೆ ನಮ್ಮ ಮುಖ ನೋಡುವ ಪುರಸೊತ್ತಿರಲಿಲ್ಲ. ಕದ್ದ ಭಾವನೆ ಅವರಲ್ಲಿ ಒಂದಿಷ್ಟೂ ಇರಲಿಲ್ಲ, ಇದ್ದದ್ದು ಕುತೂಹಲ ಮಾತ್ರ. ಅವರು ಒಂದು ಬುಟ್ಟಿಯಿಂದ ಮರುವಾಯಿ ತೆಗೆದು ಅದರ ಬಾಯಿಗೆ ಇಟ್ಟು ಸ್ವಿಚ್ ಹಾಕಿದರು. ಟಪ್ ಎಂದು ಒಂದು ಸದ್ದಾಯಿತು. ಚಿಪ್ಪಿನ ಚೂರು ಒಂದು ನನ್ನ ಶರ್ಟಿನ ಜೇಬಿಗೆ ಬಂದು ಬಿತ್ತು, ಉಳಿದದ್ದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಇನ್ನೊಂದು ಇಟ್ಟರು. ಅದೂ ಟಪ್. “ನೀವು ಹೇಳಿದ ಹಾಗೆಯೇ ಮಾಡಿದ್ದು ಮಾರಾಯ್ರೆ,” ಎಂದರು ಡೆನ್ನಿಸ್, ನಿಜವಾದ ಸಂಕಟದಿಂದ. “ಕೊಡೆ ಬಿಡಿಸಿದ ಹಾಗೆ ಒಳಗಿಂದ ಅರಳ್ತದೆ ಅಂತ ಹೇಳಿದ್ದಲ್ವಾ ನೀವು? ಹಳೆ ಕೊಡೆಯ ಕಡ್ಡಿಯೇ ಹಾಕಿದ್ದೇನೆ. ಮೂರು ಕೊಡೆ ಹೋಯ್ತು. ಮರುವಾಯಿ ಎಷ್ಟು ಹೋಯ್ತು ಲೆಕ್ಕ ಇಲ್ಲ. ನಾನು ಎಲ್ಲಿ ತಪ್ಪಿದ್ದು?”

ಶಶಿಕಲಾ ಮೇಡಂ ಒಂದು ಸ್ಟೂಲಿನ ಮೇಲೆ ಕೂತರು. ಅಳುತ್ತಿದ್ದಾರೆ ಎಂದು ನಾನು ಹೆದರಿದೆ, ನಗುತ್ತಿದ್ದರು. ದಶಮಿಯ ದಿನದಿಂದ ಅವರು ನಕ್ಕದ್ದನ್ನು ನೋಡಿರಲಿಲ್ಲ. ಆ ಕೊಡೆಯ ಯಂತ್ರದ ಫೋಟೋ ತೆಗೆದೆವು. ಪೂಜೆಯ ದಿನ ಭಟ್ಟರು ಹೇಳಿದ್ದನ್ನು ಪೂರ್ತಿ ಗಮನ ಕೊಟ್ಟು ಕೇಳಿ, ಅದರ ಪ್ರಕಾರವೇ ಯಂತ್ರ ಮಾಡಿ, ಹತ್ತು ದಿನ ಪ್ರಯತ್ನಿಸಿಯೂ ಒಂದು ಮರುವಾಯಿಯನ್ನೂ ಬಿಡಿಸಲು ಆಗಲಿಲ್ಲ ಎಂದು ಡೆನ್ನಿಸ್ ತಮ್ಮ ಕೈಬರಹದಲ್ಲೇ ಬರೆದುಕೊಟ್ಟರು. ಕಾಮತರು ಅದನ್ನು ಎರಡು ಸಲ ಓದಿದರು. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಗಟ್ಟಿ ಪುರಾವೆ ಕೈಗೆ ಸಿಕ್ಕಿರಲಿಲ್ಲ ಎಂದರು. ಪರಿಣತನೊಬ್ಬ ಮನಸ್ಸಿಟ್ಟು ಪ್ರಯತ್ನಿಸಿ ಸೋತಿದ್ದಾನೆ. ಹೊರಗೆ ಹೋದದ್ದು ಯಂತ್ರದ ವಿವರವೇ ಅಲ್ಲ, ಬೇರೆ ಏನೋ. ಆ ಬೇರೆ ಏನೋ ಎಂಬುದಕ್ಕೆ ಬೇಕಾದರೆ ನನ್ನ ಹೆಸರಲ್ಲಿ ಒಂದು ಅರ್ಜಿ ಹಾಕಬಹುದು, ಅದರ ಹೊಸತನದಲ್ಲಿ ಯಾರಿಗೂ ಸಂಶಯ ಬರಲಾರದು ಎಂದೂ ಸೇರಿಸಿದರು.

ಹಾಜಿಯವರಿಗೆ ಏನನ್ನೂ ಮುಚ್ಚಿಡುವುದು ಬೇಡವೆಂದು ಒಂಬತ್ತೂ ಕಾಗದಗಳನ್ನು ಅವರ ಗೋದಾಮಿಗೇ ತೆಗೆದುಕೊಂಡು ಹೋದೆವು. ಅವರು ಒಂದೊಂದನ್ನೂ ನಿಧಾನವಾಗಿ ಓದಿದರು. ಡೆನ್ನಿಸರದ್ದು ಓದುವಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ, “ಭಟ್ರೆ, ನಮ್ಮ ವ್ಯಾಪಾರದಲ್ಲಿ ಗುಟ್ಟು ಹೇಳದವರು ಬೇಕಾದಷ್ಟು ಜನ ಸಿಗ್ತಾರೆ. ಹೇಳಿಯೂ ಹೇಳದವರು ನೀವೊಬ್ರೇ,” ಎಂದರು. ಶಶಿಕಲಾ ಮೇಡಂ ಸಹಿ ಹಾಕಿದರು. ಸುಳ್ಳಿಲ್ಲದ ಸಹಿ. ಯಂತ್ರದ ಚೌಕಟ್ಟು ಮಾಡುವ ಕೆಲಸ ಡೆನ್ನಿಸರಿಗೇ ಸಿಕ್ಕಿತು, ಈ ಸಲ ಸರಿಯಾದ ಕರಾರಿನ ಮೇಲೆ. ನಾಲಿಗೆಯ ಓರೆ ಎಷ್ಟೆಂದು ಮೇಡಂ ಅವರಿಗೆ ತೋರಿಸಿದಾಗ ಅವರು ಹಣೆ ಬಡಿದುಕೊಂಡರಂತೆ. ಮೊದಲ ಯಂತ್ರ ದೊಡ್ಡಮ್ಮನ ಮನೆಗೆ ಹೋಯಿತು. ದೊಡ್ಡಮ್ಮ ಒಂದು ಮಧ್ಯಾಹ್ನವೆಲ್ಲ ಅದರ ಎದುರು ಕೈಕಟ್ಟಿ ಕೂತು ನೋಡಿದರಂತೆ. ಇದನ್ನು ಮೇಡಂ ನನಗೆ ಎರಡು ಸಲ ಹೇಳಿದರು. ಎರಡು ಸಲವೂ ನಾನು ಪೂರ್ತಿ ಕೇಳಿದೆ, ಮರುವಾಯಿ ತಿನ್ನದವನಾದರೂ.

ಎರಡು ವಾರವಾದ ಮೇಲೆ ಡೈರೆಕ್ಟರರು ಒಂದು ಕಚೇರಿ ಆದೇಶ ಹೊರಡಿಸಿದರು. ನನ್ನನ್ನು ಪರೀಕ್ಷಾ ವಿಭಾಗಕ್ಕೆ ವಾಪಸು ಕಳಿಸುತ್ತಾರೆಂದು ಅರಗಿನ ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಓದಿದೆ. ಹಾಗಿರಲಿಲ್ಲ. ಇನ್ನು ಮುಂದೆ ಯಾವುದೇ ಸಂಶೋಧನೆಯ ಅರ್ಜಿ ಸಲ್ಲಿಕೆಯಾಗುವ ಮೊದಲು ಸಂದರ್ಶಕರು, ಪತ್ರಿಕೆಯವರು, ದಾನಿಗಳು ಯಾರು ಬಂದು ಕೇಳಿದರೂ ವಿವರಿಸುವ ಹೊಣೆ ಸೂಪರಿಂಟೆಂಡೆಂಟ್ ಭಟ್ಟರದೇ. ಅರ್ಜಿ ಸಲ್ಲಿಕೆಯಾದ ಮೇಲೆ ಮಾತ್ರ ಇತರರು ವಿವರಿಸತಕ್ಕದ್ದು ಎಂದಿತ್ತು. ಪೂರ್ತಿ ಒಂದು ಹೊಸ ಜವಾಬ್ದಾರಿ, ಅದೂ ಮಾತಾಡುವ ಜವಾಬ್ದಾರಿ. ಆದೇಶದ ಪ್ರತಿಯನ್ನು ಮನೆಗೆ ತಂದೆ. ಸುಮತಿಯನ್ನು ಕೂರಿಸಿ, ಪೇಟೆಂಟಿನ ಹೊಸತನ ಎಂದರೇನು, ಅದನ್ನು ಕಾಯುವಲ್ಲಿ ನನ್ನ ಮಾತಿನ ಪಾತ್ರವೇನು, ಇಡೀ ವಿಶ್ವವಿದ್ಯಾನಿಲಯದಲ್ಲಿ ಈ ಕೆಲಸಕ್ಕೆ ನನ್ನೊಬ್ಬನನ್ನೇ ಯಾಕೆ ಆರಿಸಿದರು ಎಂಬುದನ್ನೆಲ್ಲ ಉದಾಹರಣೆ ಸಮೇತ ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವಳು ಒಂದು ಸಲವೂ ಅಡ್ಡ ಮಾತಾಡದೆ ಕೇಳಿದಳು. ಕೊನೆಗೆ ಆದೇಶವನ್ನು ಮಡಚಿ ನನ್ನ ಕೈಗೆ ಕೊಡುತ್ತ, “ಅದೆಲ್ಲ ಸರಿ,” ಎಂದಳು. “ಈಗ ನಿಮಗೆ ಎಂತ ಆದದ್ದು? ಬಡ್ತಿಯಾ, ವರ್ಗಾವಣೆಯಾ?”